ವಿಂಡೋಸ್ ಗೇಮ್ ಲಿನಕ್ಸ್‌ನಲ್ಲಿ ಓಡುವುದು ಹೇಗೆ? ಇದರ ಹಿಂದಿದೆ ಒಂದು ಲೈಸೆನ್ಸ್ ಕಥೆ

ಕೈಯಲ್ಲಿ ಹಿಡಿದು ಗೇಮ್ ಆಡುವ ವಾಲ್ವ್ ಕಂಪನಿಯ ಸ್ಟೀಮ್ ಡೆಕ್‌ನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಆದರೂ ವಿಂಡೋಸ್‌ಗೆಂದೇ ತಯಾರಾದ ಸಾವಿರಾರು ಗೇಮ್‌ಗಳು ಅದರಲ್ಲಿ ಓಡುತ್ತವೆ. ಇದಕ್ಕೆ ಕಾರಣ 1993ರಲ್ಲಿ ಶುರುವಾದ ವೈನ್. ಕುಡಿಯುವ ವೈನ್ ಅಲ್ಲ, ಓಪನ್ ಸೋರ್ಸ್ ತಂತ್ರಾಂಶ! ಗೇಮ್ ವಿಂಡೋಸ್‌ ಅನ್ನು ಕೇಳುವುದನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಮುಟ್ಟಿಸುವ ದುಭಾಷಿಯ ಕೆಲಸ ಇದರದ್ದು.

ಮೊದಲು ವೈನ್‌ನ ಲೈಸೆನ್ಸ್ ತೀರಾ ಉದಾರವಾಗಿತ್ತು. ಯಾರು ಬೇಕಾದರೂ ಕೋಡ್ ಪಡೆದು, ತಿದ್ದಿ, ತಿದ್ದಿದ್ದನ್ನು ಮುಚ್ಚಿಟ್ಟು ಮಾರಬಹುದಿತ್ತು. ಟ್ರಾನ್ಸ್‌ಗೇಮಿಂಗ್ ಕಂಪನಿ ಅದೇ ಕೋಡ್‌ನಿಂದ ವೈನ್‌ಎಕ್ಸ್ ರೂಪಿಸಿ ಚಂದಾದಾರರಿಗೆ ನೀಡಿತು. ತಾನು ಮಾಡಿದ ಸುಧಾರಣೆಗಳನ್ನೆಲ್ಲ ಮೂಲ ಯೋಜನೆಗೆ ಮರಳಿಸಲಿಲ್ಲ. ಲೈಸೆನ್ಸ್ ಪ್ರಕಾರ ಇದು ತಪ್ಪೇನಲ್ಲ. ಆದರೆ ಪುಕ್ಕಟೆ ದುಡಿದವರು ಸುಮ್ಮನಿರುತ್ತಾರೆಯೇ? 2002ರ ಮಾರ್ಚ್‌ನಲ್ಲಿ ವೈನ್ ಎಲ್‌ಜಿಪಿಎಲ್ ಲೈಸೆನ್ಸ್‌ಗೆ ಬದಲಾಯಿತು. ಅಂದರೆ, ವೈನ್ ಕೋಡ್ ತಿದ್ದಿ ಹಂಚುವವರು ತಿದ್ದಿದ ಕೋಡನ್ನೂ ಕೊಡಲೇಬೇಕು.

2018ರಲ್ಲಿ ವೈನ್ ಆಧರಿಸಿ ಪ್ರೋಟಾನ್ ತಂದ ವಾಲ್ವ್‌ಗೂ ಇದೇ ಷರತ್ತು. ಹಾಗಾಗಿ ಕೋಡ್ ಎಲ್ಲರಿಗೂ ಸಿಗುತ್ತದೆ. ಉಬುಂಟು ಲ್ಯಾಪ್‌ಟಾಪ್ ಇದ್ದವರೂ ಸ್ಟೀಮ್‌ನಲ್ಲಿ ಪ್ರೋಟಾನ್ ಅನ್ನು ಉಚಿತವಾಗಿ ಬಳಸಬಹುದು. ದುಡ್ಡಿನ ಗೇಮ್‌ಗೆ ಮಾತ್ರ ದುಡ್ಡು ಕೊಡಲೇಬೇಕು.

ವಾಲರಂಟ್ ಆಡುವವರು ವಿಂಡೋಸ್ ಅಳಿಸುವ ಮುನ್ನ ಯೋಚಿಸಿ. ಅದರಲ್ಲಿ ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ.