ಸಾಲಗಾರ ಉಮೇದುವಾರನೂ ಮತದಾರನ ವಿವೇಕವೂ

ಸಾಲವಿಲ್ಲದ ಸಂಸಾರವು ವಿರಳ. ಅದರಲ್ಲಿಯೂ ವಿಜಯಪುರ ಸೀಮೆಯ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಇಂಡಿಯ ನಿಂಬೆಯ ತೋಟದವನಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲದಲ್ಲಿ ಜೋಳ, ತೊಗರಿ ಬಿತ್ತುವವನಾಗಲಿ, ಬೀಜಕ್ಕೆಂದೋ ಮಗಳ ಮದುವೆಗೆಂದೋ ಸೊಸಾಯಿಟಿಯ ಅಥವಾ ಸಾವುಕಾರನ ಬಾಗಿಲಿಗೆ ಹೋಗದಿರುವುದು ಅಪರೂಪ. ಇಂಥ ನಾಡಿನಲ್ಲಿ, ಮತ ಬೇಡಲು ಬಂದ ಉಮೇದುವಾರನೇ ಸಾಲಗಾರನಾಗಿದ್ದರೆ ಮತದಾರನು ಏನೆಂದು ತಿಳಿಯಬೇಕು?

ಈ ವಿಷಯದಲ್ಲಿ ಎರಡು ಬಗೆಯ ವಾದಗಳುಂಟು. ತನ್ನ ಮನೆಯನ್ನೇ ತೂಗಿಸಲಾರದವನು ತಾಲೂಕನ್ನು ಹೇಗೆ ತೂಗಿಸಿಯಾನು ಎಂಬುದೊಂದು. ಲಂಚ ಮುಟ್ಟದವನಿಗೆ ಸಾಲವಾಗುವುದು ಸಹಜ, ಅವನೇ ನಮ್ಮವನು ಎಂಬುದಿನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಯಾವುದೂ ಪೂರ್ಣಸತ್ಯವಲ್ಲ. ಸಾಲವು ಏತಕ್ಕಾಗಿ ಆಯಿತು, ಯಾರಿಂದ ತಂದದ್ದು, ತೀರಿಸುವ ಮನಸ್ಸು ಇದೆಯೆ ಎಂಬ ಮೂರು ಮಾತುಗಳನ್ನು ಅರಿಯದೆ ತೀರ್ಪು ಕೊಡಲಾಗದು.

ನಮ್ಮ ಸಂವಿಧಾನದ 191ನೆಯ ಅನುಚ್ಛೇದದಂತೆ, ನ್ಯಾಯಾಲಯವು ದಿವಾಳಿಯೆಂದು ಸಾರಿದ ಮೇಲೆ ಅದರಿಂದ ಬಿಡುಗಡೆ ಹೊಂದದವನು ಶಾಸಕನಾಗಲಾರನು. ಬರಿಯ ಸಾಲವು ಅಡ್ಡಿಯಲ್ಲ. ಆದರೆ ಉಮೇದುವಾರನ ಆಸ್ತಿ, ಸಾಲಗಳನ್ನು ಅರಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟು 2002ರ ಮೇ 2ರಂದು ಹೇಳಿತು. ಅಲ್ಲಿಂದೀಚೆಗೆ ಪ್ರತಿಯೊಬ್ಬ ಉಮೇದುವಾರನು ತನ್ನ, ತನ್ನ ಬಾಳಸಂಗಾತಿಯ ಹಾಗೂ ಅವಲಂಬಿತರ ಹೆಸರಿನಲ್ಲಿರುವ ಬ್ಯಾಂಕಿನ ಸಾಲ, ಸರಕಾರದ ಬಾಕಿ ಮೊದಲಾದುವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಸುಳ್ಳು ಬರೆದರೆ ಅಥವಾ ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಈ ನಾಲ್ಕು ಕ್ಷೇತ್ರಗಳ ಉಮೇದುವಾರರಿಗೂ ಇದೇ ನಿಯಮವಿದ್ದಿತು.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲುಗೊಳಿಸಿದ ಸಹಕಾರಿ ಪದ್ಧತಿಯು ಇಂದು ಹಳ್ಳಿಹಳ್ಳಿಗೂ ಹಬ್ಬಿದೆ. ಕರ್ನಾಟಕದ 1959ರ ಸಹಕಾರಿ ಕಾಯಿದೆಯಂತೆ, ಅವಧಿ ಮೀರಿಯೂ ಬಾಕಿ ಕೊಡದವನು ಸಂಘದ ಆಡಳಿತ ಮಂಡಲಿಗೆ ಆರಿಸಿಬರಲಾರನು. ಊರ ಸೊಸಾಯಿಟಿಗೆ ಸಲ್ಲದ ಬಾಕಿದಾರನು ವಿಧಾನಸಭೆಗೆ ಸಲ್ಲಬಹುದು! ಕಾಯಿದೆಯು ಬಿಟ್ಟ ಈ ಎಡೆಯನ್ನು ಮತದಾರನ ವಿವೇಕವೇ ತುಂಬಬೇಕು.

ಲಾಲ್ ಬಹಾದುರ ಶಾಸ್ತ್ರಿಗಳು ಪ್ರಧಾನಿಗಳಾಗಿದ್ದಾಗ ಮೋಟಾರು ಕೊಳ್ಳಲು ಬ್ಯಾಂಕಿನಿಂದ 5,000 ರೂಪಾಯಿ ಸಾಲ ತಂದಿದ್ದರು. 1966ರಲ್ಲಿ ಅವರು ತೀರಿಕೊಂಡಾಗ ಉಳಿದಿದ್ದ ಸಾಲವನ್ನು ಪತ್ನಿ ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಅಂಥ ಸಾಲವು ಮನೆತನಕ್ಕೆ ಕಳಂಕವಲ್ಲ, ಭೂಷಣ. ಶಕ್ತಿಯಿದ್ದೂ ತೀರಿಸದವನ ಮಾತು ಬೇರೆ. ಚುನಾವಣೆಗೆಂದೇ ಧನಿಕರಲ್ಲಿ ಕೈಗಡ ಮಾಡಿದವನು ಇನ್ನೂ ಅಪಾಯಕಾರಿ. ಗೆದ್ದ ಮರುದಿನವೇ ಅವನು ಮತ ಕೊಟ್ಟವರಿಗಿಂತ ಹಣ ಕೊಟ್ಟವರಿಗೆ ಋಣಿಯಾಗುವನು.

ಹೆಣ್ಣು ಕೊಡುವ ಮುನ್ನ ಬೀಗರ ಮನೆಯ ಸಾಲಸೋಲಗಳನ್ನು ಹಿರಿಯರು ನಾಲ್ಕು ಕಡೆ ವಿಚಾರಿಸುತ್ತಾರೆ. ಸಾಲವಿದೆಯೆಂದು ಸಂಬಂಧವನ್ನು ಬಿಡುವವರು ಕೆಲವರೇ. ಸಾಲವನ್ನು ಮುಚ್ಚಿಟ್ಟರೆಂದು ಬಿಡುವವರು ಬಹಳ. ಐದು ವರ್ಷಗಳ ಮಟ್ಟಿಗೆ ನಾಡಿನ ಬೊಕ್ಕಸವನ್ನು ಒಪ್ಪಿಸುವಾಗಲೂ ಅದೇ ಎಚ್ಚರವು ಸಲ್ಲತಕ್ಕದ್ದು. ಪ್ರಮಾಣಪತ್ರವನ್ನು ಚುನಾವಣಾ ಆಯೋಗವು ಎಲ್ಲರಿಗೂ ತೆರೆದಿಟ್ಟಿದೆ. ಮನೆಯಲ್ಲಿ ಓದಬಲ್ಲ ಮಗನೋ ಮಗಳೋ ಅದನ್ನು ಓದಿ ಹೇಳಲಿ. ಮತ ಹಾಕುವ ಮುನ್ನ ಹಿರಿಯರೂ ಗೃಹಿಣಿಯರೂ ಕೂಡಿ ಕೇಳಲಿ.