ಸೋಬಾನೆಯಿಂದ ಕರೋಕೆಗೆ: ಹೆಣ್ಣುಮಕ್ಕಳ ಹಾಡಿನಲ್ಲಿ ಶ್ರುತಿಯ ಆಯ್ಕೆ

ಹೆಣ್ಣುಮಕ್ಕಳ ಹಾಡುಗಳನ್ನು ಕುರಿತ ಅಧ್ಯಯನಗಳಲ್ಲಿ ಸಾಹಿತ್ಯಕ್ಕೆ ಸಂದಿರುವಷ್ಟು ಗಮನ ಶ್ರುತಿಗೆ ಸಂದಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಸಂಕಲನ ಪ್ರಕಟವಾದಂದಿನಿಂದ ತ್ರಿಪದಿಯ ಛಂದಸ್ಸು, ವಸ್ತು, ಪ್ರತಿಮೆಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಆದರೆ ಆ ಹಾಡನ್ನು ಯಾವ ಎತ್ತರದಲ್ಲಿ ಎತ್ತಿಕೊಳ್ಳಲಾಗುತ್ತಿತ್ತು, ಆ ಎತ್ತರವನ್ನು ನಿರ್ಧರಿಸುತ್ತಿದ್ದವರು ಯಾರು ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿದಿದೆ. ಅಚ್ಚಿನ ಪುಟ ಪದವನ್ನು ಹಿಡಿದಿಡಬಲ್ಲುದೇ ಹೊರತು ಶ್ರುತಿಯನ್ನಲ್ಲ ಎಂಬುದು ಇದಕ್ಕೊಂದು ಕಾರಣವಾಗಿರಬೇಕು. ಪ್ರಶ್ನೆಯಂತೂ ಬರಿಯ ಸಂಗೀತಶಾಸ್ತ್ರದ್ದಲ್ಲ. ಸಂಗೀತ ಕಲಿಯದ ಹೆಂಗಸೊಬ್ಬಳು ತನಗೂ ಕಂಠವಿದೆಯೆಂದು ನಂಬಿ ನಾಲ್ವರ ನಡುವೆ ಬಾಯಿ ತೆರೆಯುವುದೂ, ಇಲ್ಲವೆಂದುಕೊಂಡು ಸುಮ್ಮನಾಗುವುದೂ ಅದಕ್ಕೆ ಅಂಟಿಕೊಂಡಿವೆ.

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಣ ಸೀಮೆ ಈ ವಿಚಾರಕ್ಕೆ ಒಳ್ಳೆಯ ನೆಲೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಈ ಭಾಗ ಹಿಪ್ಪುನೇರಳೆ ಮತ್ತು ರೇಷ್ಮೆಯ ನಾಡು. ಆಂಧ್ರದ ಗಡಿಗೆ ಸಮೀಪವಾದುದರಿಂದ ಕನ್ನಡ, ತೆಲುಗು ಎರಡೂ ಮನೆಮಾತುಗಳಾಗಿರುವ ಸೀಮೆ. ಮದುವೆಯಲ್ಲಿ ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಸೋಬಾನೆಯ ಪಕ್ಕದಲ್ಲಿಯೇ ತೆಲುಗಿನ ಪೆಂಡ್ಲಿ ಪಾಟ ಬರುತ್ತದೆ. ನೆರೆಯ ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ಎರಡೂ ಭಾಷೆಗಳಲ್ಲಿ ತತ್ತ್ವಪದಗಳನ್ನು ರಚಿಸಿದುದು ಇಲ್ಲಿನವರಿಗೆ ಸೋಜಿಗವಲ್ಲ.

ಸೋಬಾನೆಯಲ್ಲಿ ಹಿರಿಯಳೊಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತಿಕೊಡುವವಳ ಕಂಠವೇ ಅಂದಿನ ಶ್ರುತಿ. ಎತ್ತರವಾಯಿತೆಂದು ತೋರಿದರೆ ಮರುನುಡಿಯಲ್ಲಿ ಇಳಿಸಿಕೊಳ್ಳುತ್ತಾಳೆ. ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಮಟ್ಟುಗಳ ಸಂಚಾರವೂ ಹೆಚ್ಚಾಗಿ ನಾಲ್ಕೈದು ಸ್ವರಗಳ ಒಳಗೆ ಮುಗಿಯುವುದರಿಂದ ಬಾಲೆಯಿಂದ ಅಜ್ಜಿಯವರೆಗೆ ಎಲ್ಲರಿಗೂ ಅದರಲ್ಲಿ ಎಡೆಯಿದೆ. ಇಂಪಾಗಿ ಹಾಡುವವಳು ಬೇರೆ, ಹಾಡುಗಳನ್ನು ಬಲ್ಲವಳು ಬೇರೆ. ಹಸೆಯ ಮುಂದೆ ಮಾನ್ಯತೆಯಿದ್ದುದು ಎರಡನೆಯವಳಿಗೆ.

ಚಲನಚಿತ್ರದ ಹಿನ್ನೆಲೆ ಗಾಯನ ಈ ಸ್ಥಿತಿಯನ್ನು ಪಲ್ಲಟಗೊಳಿಸಿತು. ಆಂಧ್ರದಲ್ಲಿ ಹುಟ್ಟಿದ ಎಸ್. ಜಾನಕಿ ಹಾಗೂ ಪಿ. ಸುಶೀಲಾ ಅವರ ಧ್ವನಿಗಳು ಗಡಿಸೀಮೆಯ ಎರಡೂ ಭಾಷೆಗಳ ಮನೆಗಳನ್ನು ರೇಡಿಯೊ ಮೂಲಕ ಒಂದೇ ಸಮನೆ ತಲುಪಿದವು. ‘ಬೆಳ್ಳಿಮೋಡ’ (1967) ಚಿತ್ರಕ್ಕೆ ವಿಜಯಭಾಸ್ಕರ್ ಅಳವಡಿಸಿದ ಬೇಂದ್ರೆಯವರ ‘ಬೆಳಗು’, ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರಕ್ಕೆ ಎಂ. ರಂಗರಾವ್ ಸಂಯೋಜಿಸಿದ ವಿರಹಗೀತೆ ಮುಂತಾದವು ಜಾನಕಿಯವರ ಕಂಠದಲ್ಲಿ ಹೆಣ್ಣುಮಕ್ಕಳ ಬಾಯಿಗೆ ಬಂದವು. ಅಡುಗೆಮನೆಯಲ್ಲಿ ಗುನುಗುವಾಗ ತೊಡಕಿಲ್ಲ, ಅಲ್ಲಿ ಹಾಡುವವಳದೇ ಶ್ರುತಿ. ವಾದ್ಯದೊಡನೆ ಹಾಡಬೇಕಾಗಿ ಬಂದಾಗಲೇ ತೊಡಕು. ಚಿತ್ರಗೀತೆಯ ಶ್ರುತಿ ಅಸಾಧಾರಣ ಕಂಠವೊಂದನ್ನು ಎದುರಿಗಿಟ್ಟುಕೊಂಡು ಗೊತ್ತುಮಾಡಿದ್ದು. ಚರಣದ ತುದಿಯ ತಾರಸ್ಥಾಯಿಯಲ್ಲಿ ಸಾಮಾನ್ಯಳ ದನಿ ಒಡೆಯುತ್ತದೆ. ಒಡೆದದ್ದು ಶ್ರುತಿ ಹೊಂದದೆ ಎಂದು ಅವಳಿಗೆ ಹೇಳುವವರಿಲ್ಲ. ತನಗೆ ಕಂಠವಿಲ್ಲವೆಂದೇ ಅವಳು ತಿಳಿಯುತ್ತಾಳೆ. ಚಿತ್ರಗೀತೆಗಳ ಸಮೃದ್ಧಿಯನ್ನು ಕೊಂಡಾಡುವ ಬರಹಗಳು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಇದೇ ತೊಡಕು ಜಪಾನಿನಲ್ಲಿ ಯಂತ್ರವೊಂದರ ಹುಟ್ಟಿಗೆ ಕಾರಣವಾದುದು ಇಲ್ಲಿ ಪ್ರಸ್ತುತ. ‘ಕರ’ ಎಂದರೆ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ಜಪಾನೀ ರೂಪದ ಮೊಟಕು. ಹಾಡುಗಾರರಿಲ್ಲದ ವಾದ್ಯಮೇಳವೆಂಬುದು ಕರೋಕೆಯ ಅರ್ಥ. ಕೋಬೆ ನಗರದ ಪಾನಗೃಹಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಇನೊಉಎ ದೈಸುಕೆ, ಪ್ರವಾಸ ಹೊರಟಿದ್ದ ಗಿರಾಕಿಯೊಬ್ಬರೊಡನೆ ತಾನು ಹೋಗಲಾಗದೆ, ಅವರು ಹಾಡಿಕೊಳ್ಳಲೆಂದು ಪಕ್ಕವಾದ್ಯವನ್ನು ಟೇಪಿನಲ್ಲಿ ಮುದ್ರಿಸಿಕೊಟ್ಟರು. 1971ರಲ್ಲಿ ನಾಣ್ಯ ಹಾಕಿದರೆ ನುಡಿಯುವ ಹನ್ನೊಂದು ಯಂತ್ರಗಳನ್ನು ಬಾಡಿಗೆಗಿಟ್ಟರು. (ಇದಕ್ಕೂ ಮೊದಲು, 1967ರಲ್ಲಿ, ನೆಗಿಶಿ ಶಿಗೆಯಿಚಿ ಎಂಬವರು ಇಂಥದೇ ಪೆಟ್ಟಿಗೆಯೊಂದನ್ನು ತಯಾರಿಸಿದ್ದರು. ಇಬ್ಬರೂ ಪೇಟೆಂಟ್ ಪಡೆಯಲಿಲ್ಲ.) ಕಲಿಯದ ಕಂಠದ ಬೆನ್ನಿಗೆ ವಾದ್ಯ ಹೊಂದಿಕೊಂಡು ಹೋಗಬೇಕೆಂಬ ವೃತ್ತಿಯ ತಿಳಿವಳಿಕೆ ಈ ಯಂತ್ರದ ಮೂಲದಲ್ಲಿಯೇ ಇದೆ.

ಟೇಪಿನ ವೇಗ ಹೆಚ್ಚಿಸಿದರೆ ಶ್ರುತಿಯೊಡನೆ ಲಯವೂ ಏರುತ್ತದೆ. ಇಳಿಸಿದರೆ ಎರಡೂ ಇಳಿಯುತ್ತವೆ. 1992ರಲ್ಲಿ ದೂರವಾಣಿ ತಂತಿಯ ಮೂಲಕ ಹಾಡನ್ನು ತರಿಸುವ ವ್ಯವಸ್ಥೆ ಬಂದಾಗ ಯಂತ್ರ ಪಡೆಯುತ್ತಿದ್ದುದು ಮುದ್ರಿತ ನಾದವನ್ನಲ್ಲ, ಯಾವ ಸ್ವರ ಎಷ್ಟು ಹೊತ್ತು ಎಂಬ ಸಂಖ್ಯಾರೂಪದ ಸೂಚನೆಯನ್ನು. ಸಂಖ್ಯೆಗೆ ಸಂಖ್ಯೆ ಕೂಡಿಸಿ ಕಳೆದರೆ ಲಯ ಕದಲದೆ ಶ್ರುತಿ ಬದಲಾಗುತ್ತದೆ. ಹಾಡುವವಳು ಗುಂಡಿಯೊತ್ತಿ ಅರ್ಧಸ್ವರ ಅರ್ಧಸ್ವರವಾಗಿ ಏರಿಸಿಕೊಳ್ಳಬಹುದು, ಇಳಿಸಿಕೊಳ್ಳಬಹುದು.

ಸ್ಥಳದ ಮಾತೂ ಇದೆ. ಮೊದಮೊದಲು ಕರೋಕೆ ಗಂಡಸರ ಪಾನಗೃಹದ ವಿನೋದವಾಗಿತ್ತು. 1980ರ ದಶಕದ ಮಧ್ಯದಲ್ಲಿ ಒಕಾಯಾಮಾ ಪ್ರಾಂತದಲ್ಲಿ ಸರಕಿನ ಕಂಟೇನರುಗಳನ್ನು ಹಾಡುವ ಕೋಣೆಗಳನ್ನಾಗಿ ಮಾರ್ಪಡಿಸಿ ಬಾಡಿಗೆಗೆ ಕೊಡುವ ಪದ್ಧತಿ ತಲೆದೋರಿತು. ಅಪರಿಚಿತರ ಕಣ್ಣಿಲ್ಲದ ಆ ಕೋಣೆಗಳಿಗೆ ಗೃಹಿಣಿಯರೂ ವಿದ್ಯಾರ್ಥಿನಿಯರೂ ಬಂದರು.

ಅಲ್ಲಿ ಹೆಣ್ಣುಮಕ್ಕಳು ಆರಿಸಿಕೊಂಡ ಹಾಡುಗಳನ್ನು ನೋಡಿದರೆ ಹಿರಿಯರಲ್ಲಿ ‘ಎಂಕಾ’ ಎಂಬ ಭಾವಗೀತ ಪ್ರಕಾರಕ್ಕೆ ಪ್ರಾಶಸ್ತ್ಯ. 1977ರಲ್ಲಿ ಇಷಿಕಾವಾ ಸಾಯುರಿ ಹಾಡಿದ, ತ್ಸುಗಾರು ಜಲಸಂಧಿಯ ಚಳಿಗಾಲವನ್ನು ಕುರಿತ ಗೀತೆಯಲ್ಲಿ ಟೋಕಿಯೊ ತೊರೆದು ಉತ್ತರದ ಕಡೆಗೆ ಹಡಗು ಹತ್ತುವ ಒಂಟಿ ಹೆಣ್ಣಿನ ದನಿಯಿದೆ. ಅದನ್ನು ಬರೆದವರು ಅಕು ಯೂ ಎಂಬ ಪುರುಷ ಕವಿ. ಹೆಣ್ಣಿನ ಅಳಲನ್ನು ಗಂಡು ಬರೆದು, ಹೆಣ್ಣು ಹಾಡಿ, ಮತ್ತೆ ಸಾವಿರಾರು ಹೆಣ್ಣುಮಕ್ಕಳು ತಮ್ಮದನ್ನಾಗಿ ಮಾಡಿಕೊಳ್ಳುವ ಈ ಕ್ರಮ ಕನ್ನಡ ಚಿತ್ರಗೀತೆಯನ್ನು ಬಲ್ಲವರಿಗೆ ಹೊಸದಲ್ಲ. ನಕಾಜಿಮಾ ಮಿಯುಕಿ ಇದಕ್ಕೆ ಅಪವಾದ. ಪದವೂ ಮಟ್ಟೂ ಅವರವೇ. 1992ರ ಅವರ ‘ಇತೊ’ ತುಂಬ ಎತ್ತರಕ್ಕೆ ಏರದ, ಬಿಡುವಾಗಿ ಸಾಗುವ ಹಾಡು. ಮದುವೆಗಳಲ್ಲಿಯೂ ಕರೋಕೆಯಲ್ಲಿಯೂ ನೆಲೆನಿಂತಿದೆ. ‘ಇತೊ’ ಎಂದರೆ ನೂಲು. ಇಬ್ಬರನ್ನು ಹಾಸು ಹೊಕ್ಕಿನ ಎಳೆಗಳಿಗೆ ಹೋಲಿಸುವ ಹಾಡದು. ಜಪಾನಿನ ಸಹಕಾರದಿಂದ 1991ರಿಂದೀಚೆಗೆ ದ್ವಿತಳಿ ರೇಷ್ಮೆಯನ್ನು ಹಬ್ಬಿಸಲು ಯತ್ನ ನಡೆದ ಕರ್ನಾಟಕದಲ್ಲಿ, ಅದರಲ್ಲೂ ನೂಲು ಬಿಚ್ಚುವುದೇ ಕಸುಬಾದ ಶಿಡ್ಲಘಟ್ಟದ ಕಡೆ, ಈ ಹೋಲಿಕೆಗೆ ವ್ಯಾಖ್ಯಾನ ಬೇಕಾಗದು.

ಕನ್ನಡದ ಸಂದರ್ಭದಲ್ಲಿ ಕರೋಕೆ ‘ಟ್ರ್ಯಾಕ್’ ಎಂಬ ಹೆಸರಿನಲ್ಲಿ ಮೊದಲು ವೇದಿಕೆಗೆ, ಬಳಿಕ ಮೊಬೈಲಿಗೆ ಬಂತು. ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ವಾದಕ ಗಾಯಕಿಯನ್ನು ಕೇಳಿ ಶ್ರುತಿ ಬದಲಿಸಬಲ್ಲ. ಮುದ್ರಿತ ಟ್ರ್ಯಾಕ್ ಕೇಳುವುದಿಲ್ಲ. ಸಾಮಾನ್ಯವಾಗಿ ಗಂಡಸರಿಗೆ ಒಂದು, ಒಂದೂವರೆ ಮನೆ ಶ್ರುತಿ ಒಗ್ಗಿದರೆ ಹೆಂಗಸರಿಗೆ ಐದು, ಐದೂವರೆ ಮನೆ ಹಿತ. ಆದುದರಿಂದ ರಾಜ್‌ಕುಮಾರ್ ಅವರ ಹಾಡಿನ ಟ್ರ್ಯಾಕನ್ನು ಹೆಂಗಸು ಇದ್ದಂತೆಯೇ ಹಾಡಹೊರಟರೆ ಪಲ್ಲವಿ ಮಂದ್ರದಲ್ಲಿ ಹೂತುಹೋಗುತ್ತದೆ. ಒಂದು ಸ್ಥಾಯಿ ಮೇಲೆ ಎತ್ತಿಕೊಂಡರೆ ಚರಣ ಕೈಗೆ ಸಿಗುವುದಿಲ್ಲ. ಐದಾರು ಅರ್ಧಸ್ವರ ಸರಿಸಬೇಕು. ಮೊಬೈಲ್ ಆ್ಯಪ್‌ಗಳಲ್ಲಿ ಹಾಗೆ ಸರಿಸುವ ಸೌಕರ್ಯವುಂಟು, ಆದರೆ ಮುದ್ರಿತ ನಾದವನ್ನು ಅಷ್ಟು ದೂರ ಎಳೆದಾಗ ಪಿಟೀಲು, ಕೊಳಲುಗಳ ನಾದ ವಿಕಾರಗೊಳ್ಳುತ್ತದೆ. ಜಾನಕಿಯವರ ಹಾಡಿಗೆ ಎರಡು ಮೂರು ಅರ್ಧಸ್ವರ ಇಳಿಸಿದರೆ ಅನೇಕರಿಗೆ ಸಾಕು, ನಾದವೂ ಅಷ್ಟಾಗಿ ಕೆಡದು. ಈ ಸೌಕರ್ಯವಿದೆಯೆಂದು ಅರಿಯದೆ ಮೂಲ ಶ್ರುತಿಯೊಡನೆಯೇ ಸೆಣಸಿ, ಕೊನೆಗೆ ಕೈಬಿಡುವವರಿದ್ದಾರೆ. ಮೂಲದಲ್ಲಿ ಇದ್ದಂತೆಯೇ ಹಾಡುವುದು ಹೆಚ್ಚಿನದೆಂಬ ಭಾವನೆಯೂ ವೇದಿಕೆಯ ಸ್ಪರ್ಧೆಗಳಿಂದ ಬೇರೂರಿದೆ.

ಈಗಿನ ಮದುವೆಗಳಲ್ಲಿ ಅರಿಶಿನದ ಶಾಸ್ತ್ರದ ಹೊತ್ತಿಗೆ ಧ್ವನಿವರ್ಧಕದ ಪೆಟ್ಟಿಗೆಯೊಂದು ಪಡಸಾಲೆಯಲ್ಲಿ ಬಂದು ಕೂರುವುದು ಅಪರೂಪವಲ್ಲ. ಅದಕ್ಕೆ ಜೋಡಿಸಿದ ಮೊಬೈಲು ಸಾಮಾನ್ಯವಾಗಿ ಮನೆಯ ಹುಡುಗನೊಬ್ಬನ ಕೈಯಲ್ಲಿರುತ್ತದೆ. ಸೊಸೆಯಂದಿರು ಟ್ರ್ಯಾಕಿಗೆ ದನಿಗೂಡಿಸಲು ತೊಡಗಿದಾಗ ಹಿಂದೆ ಹಿರಿಯಳು ಗಂಟಲು ಸರಿಪಡಿಸಿಕೊಂಡು ಗೊತ್ತುಮಾಡುತ್ತಿದ್ದುದನ್ನು ಈಗ ಗೊತ್ತುಮಾಡುವವನು ಅವನು. ‘ಸ್ವಲ್ಪ ಇಳಿಸೋ’ ಎಂದು ಅವನಿಗೆ ಹೇಳಬಹುದೆಂಬುದು ಆ ಪಡಸಾಲೆಯಲ್ಲಿ ಎಷ್ಟು ಮಂದಿಗೆ ಗೊತ್ತಿದೆ ಎಂಬುದರ ಮೇಲೆ ಅಂದು ಎಷ್ಟು ಹೆಂಗಸರು ಹಾಡುತ್ತಾರೆ ಎಂಬುದು ನಿಂತಿರುತ್ತದೆ.