ಕೊಲೆಗಾರನ ದಿನಚರಿ

ಸಾಹಿತ್ಯದಲ್ಲಿ ನಾವು ಕಂಡ ಕೊಲೆಗಾರರು ಬಹುಮಟ್ಟಿಗೆ ಬೇಯುವವರು. ಮ್ಯಾಕ್‌ಬೆತ್‌ನಿಗೆ ನಿದ್ರೆಯಿಲ್ಲ, ಅವನ ರಾಣಿಯ ಕೈಗಂಟಿದ ನೆತ್ತರಿನ ವಾಸನೆ ಹೋಗದು. ದಾಸ್ತೊಯೆವ್‌ಸ್ಕಿಯ ರಾಸ್ಕೋಲ್ನಿಕೋವ್ ಮುದುಕಿಯನ್ನು ಕೊಂದು ಬಂದವನೇ ಜ್ವರಪೀಡಿತನಾಗಿ ಮಲಗುತ್ತಾನೆ. ಮಾಡಿದ ಪಾಪವು ಮೈಯಲ್ಲಿ ಎಲ್ಲಿಯಾದರೂ ಒಂದೆಡೆ ಗುರುತು ಬಿಟ್ಟೇ ತೀರುತ್ತದೆಂಬ ಈ ನಂಬಿಕೆ ನಮಗೆ ಎಷ್ಟು ನೆಮ್ಮದಿ ಕೊಡುತ್ತಿತ್ತೆಂಬುದು, ಅದನ್ನು ಕಸಿದುಕೊಳ್ಳುವ ಕೃತಿಯೊಂದು ಎದುರಾದಾಗಲೇ ತಿಳಿಯುವುದು. ಸ್ಪೇನಿನ ಹೈಮೆ ರೊಸಾಲೆಸ್ 2003ರಲ್ಲಿ ತೆರೆಗೆ ತಂದ ತಮ್ಮ ಮೊದಲ ಕಥಾಚಿತ್ರ ‘ಲಾಸ್ ಓರಾಸ್ ದೆಲ್ ದಿಯಾ’, ಎಂದರೆ ‘ದಿನದ ಹೊತ್ತುಗಳು’, ಅಂಥದೊಂದು ಕೃತಿ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಇದಕ್ಕೆ ಸಂದಿತು.

ಬಾರ್ಸಿಲೋನಾದ ಅಂಚಿನಲ್ಲಿ, ವಿಮಾನ ನಿಲ್ದಾಣದ ನೆರೆಯಲ್ಲಿ, ಎಲ್ ಪ್ರಾತ್ ಎಂಬ ಊರಿದೆ. ಪ್ರವಾಸಿಗಳು ಹುಡುಕಿಕೊಂಡು ಬರುವಂಥ ಊರಲ್ಲ. ಅಲ್ಲಿ ಆಬೆಲ್ ಎಂಬ ತರುಣನಿಗೆ ಒಂದು ಸಣ್ಣ ಬಟ್ಟೆಯಂಗಡಿ. ಮನೆಯಲ್ಲಿ ತಾಯಿ. ಟೆರೆ ಎಂಬ ಪ್ರೇಯಸಿ. ಮದುವೆಯ ಸನ್ನಾಹದಲ್ಲಿರುವ ಒಬ್ಬ ಗೆಳೆಯ. ವ್ಯಾಪಾರ ಮಂದ, ಅಂಗಡಿಯಲ್ಲಿ ದುಡಿಯುವ ಟ್ರಿನಿಯನ್ನು ಕೆಲಸದಿಂದ ಬಿಡಿಸಬೇಕು, ಆದರೆ ಅವಳಿಗೆ ಕೊಡಬೇಕಾದ ಹಣದ ವಿಷಯದಲ್ಲಿ ಒಪ್ಪಂದವಾಗದು. ಇಷ್ಟೇ ಕಥೆ. ಇದರ ನಡುವೆ ಆಬೆಲ್ ಇಬ್ಬರನ್ನು ಕೊಲ್ಲುತ್ತಾನೆ.

ಯಾರನ್ನು? ಟ್ಯಾಕ್ಸಿ ನಡೆಸುವ ಹೆಂಗಸೊಬ್ಬಳನ್ನು. ಆಮೇಲೆ ಮೆಟ್ರೋ ನಿಲ್ದಾಣದ ಶೌಚಗೃಹದಲ್ಲಿ ಒಬ್ಬ ವೃದ್ಧನನ್ನು. ಇಬ್ಬರೂ ಅಪರಿಚಿತರು. ಹಗೆಯಿಲ್ಲ, ಲಾಭವಿಲ್ಲ, ಕಾಮವಿಲ್ಲ. ಏಕೆ ಎಂಬ ಪ್ರಶ್ನೆಗೆ ಚಿತ್ರ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಟ್ಯಾಕ್ಸಿಯ ಪ್ರಸಂಗವನ್ನು ನೋಡುವುದು ಸುಲಭವಲ್ಲ. ಪತ್ತೇದಾರಿ ಚಿತ್ರಗಳಲ್ಲಿ ಕೊಲೆಯೆಂದರೆ ಒಂದು ಚೀತ್ಕಾರ, ಒಂದು ನೆರಳು, ವಾದ್ಯಗಳ ಅಬ್ಬರ, ಮುಗಿಯಿತು. ಇಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಸಾಯಲೊಲ್ಲದ ಜೀವವೊಂದು ಹೊಡೆದಾಡುತ್ತದೆ, ಕೊಲ್ಲುವವನು ದಣಿಯುತ್ತಾನೆ, ಕ್ಯಾಮೆರಾ ಅಲುಗದೆ ನೋಡುತ್ತದೆ. ಮನುಷ್ಯನನ್ನು ಕೊಲ್ಲುವುದು ಎಷ್ಟು ಹೊತ್ತಿನ, ಎಷ್ಟು ಕುರೂಪದ ಕೆಲಸವೆಂದು ಅಲ್ಲಿ ಅರಿವಾಗುತ್ತದೆ. ಬಳಿಕ ಆಬೆಲ್ ಮತ್ತೆ ತನ್ನ ದಿನಚರಿಗೆ ಮರಳುತ್ತಾನೆ.

ನಿಜವಾದ ಭೀತಿ ಆರಂಭವಾಗುವುದು ಈಗ. ನಾವು ಆಬೆಲ್‌ನ ಮುಖವನ್ನು ಶೋಧಿಸತೊಡಗುತ್ತೇವೆ: ಊಟದ ಮೇಜಿನ ಬಳಿ, ಗೆಳೆಯನ ಹರಟೆಯಲ್ಲಿ, ಅಂಗಡಿಯ ಕಟ್ಟೆಯ ಹಿಂದೆ. ಏನಾದರೂ ಕಾಣಬಹುದೆ? ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ವಿಭಾವವೂ ಇಲ್ಲ, ಅನುಭಾವವೂ ಇಲ್ಲ. ಬೆವರಿಲ್ಲ, ಕಂಪವಿಲ್ಲ, ಸ್ವರಭಂಗವಿಲ್ಲ. ಆದರೂ ಭಯಾನಕವು ಪ್ರೇಕ್ಷಕನಲ್ಲಿ ಹುಟ್ಟುತ್ತದೆ. ಆ ಪಾತ್ರವನ್ನು ವಹಿಸಿದ ಆಲೆಕ್ಸ್ ಬ್ರೆಂಡೆಮ್ಯೂಲ್ ಅವರ ಅಭಿನಯವೆಂದರೆ ಅಭಿನಯವನ್ನು ತಡೆಹಿಡಿದ ಸಂಯಮವೇ.

ಹೆಸರಿನಲ್ಲಿಯೂ ಒಂದು ಕುಹಕವಿದ್ದೀತು. ಬೈಬಲ್ಲಿನ ಕಥೆಯಲ್ಲಿ ಕೊಲ್ಲುವವನು ಕಾಯಿನ. ಆಬೆಲ್, ನಮ್ಮ ಕನ್ನಡ ಬೈಬಲ್ಲಿನ ಹೇಬೆಲ, ಸತ್ತವನು. ಉನಾಮುನೊ 1917ರಲ್ಲಿ ಆ ಹೆಸರನ್ನೇ ಇಟ್ಟು ಮತ್ಸರದ ಕಾದಂಬರಿಯೊಂದನ್ನು ಬರೆದಿದ್ದರು. ಅಲ್ಲಿ ಮತ್ಸರವಾದರೂ ಇತ್ತು.

ಆಕ್ಷೇಪವೊಂದನ್ನು ಮುಚ್ಚಿಡಲಾರೆ. ಕೊಲೆಗಾರನ ತಾಯಿ, ಗೆಳೆಯ, ಊಟ, ಬೇಸರ ಎಲ್ಲವನ್ನೂ ನಾವು ಬಲ್ಲೆವು. ಸತ್ತವರಿಬ್ಬರ ಮನೆಯನ್ನು ನಾವು ಕಾಣೆವು. ಆಬೆಲ್ ಅವರನ್ನು ಯಾರೋ ಒಬ್ಬರೆಂದು ಕಂಡಂತೆ ಚಿತ್ರವೂ ಕಂಡಿತೆ? ಇದು ಅನ್ಯಾಯವೆಂದು ನನಗೆ ಮೊದಲು ತೋರಿತು; ಈಗಲೂ ಪೂರ್ತಿ ಸಮಾಧಾನವಿಲ್ಲ. ಆದರೆ ಅವರ ಮರಣದ ಹೊತ್ತನ್ನು ಕತ್ತರಿಸದೆ ಪೂರ್ತಿಯಾಗಿ ತೋರಿಸಿದ್ದರಲ್ಲಿ ಒಂದು ಬಗೆಯ ಗೌರವವುಂಟೆಂಬುದನ್ನು ಅಲ್ಲಗಳೆಯಲಾರೆ.

ರೊಸಾಲೆಸ್ ಈ ವಸ್ತುವನ್ನು ಅಲ್ಲಿಗೇ ಬಿಡಲಿಲ್ಲ. 2007ರ ಡಿಸೆಂಬರ್ 1ರಂದು ಫ್ರಾನ್ಸಿನ ಕಾಪ್‌ಬ್ರೆತೊನ್‌ನಲ್ಲಿ ಸ್ಪೇನಿನ ಇಬ್ಬರು ತರುಣ ರಕ್ಷಣಾಧಿಕಾರಿಗಳನ್ನು, 2018ರಲ್ಲಿ ವಿಸರ್ಜನೆಗೊಂಡ ಬಾಸ್ಕ್ ಸಶಸ್ತ್ರ ಸಂಘಟನೆ ‘ಎಟಾ’ದವರು ಗುಂಡಿಟ್ಟು ಕೊಂದರು. ಮರುವರ್ಷವೇ ಅದನ್ನು ಆಧರಿಸಿ ಅವರು ‘ತಿರೊ ಎನ್ ಲಾ ಕಬೆಸಾ’ ಚಿತ್ರವನ್ನು ತೆಗೆದರು. ಅಲ್ಲಿಯೂ ಕೊಲೆಗಾರನ ಸಾಮಾನ್ಯ ದಿನಗಳೇ, ಆದರೆ ದೂರದಿಂದ, ಗಾಜಿನಾಚೆಯಿಂದ, ಮಾತು ಕೇಳಿಸದು. ಪ್ರಯೋಗವು ಧೀರವಾದದ್ದು, ಆದರೆ ನನಗೆ ಮೊದಲ ಚಿತ್ರವೇ ಮಿಗಿಲು. ಮಾತು ಕೇಳಿಸಿದರೂ ಮನುಷ್ಯ ತಿಳಿಯದಿರುವುದು ಹೆಚ್ಚಿನ ನಿಗೂಢ.

ಚಿತ್ರ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತವಳು ಟ್ರಿನಿ. ತನಗೆ ನ್ಯಾಯವಾಗಿ ಸಲ್ಲಬೇಕಾದ ಹಣಕ್ಕಾಗಿ ಅವಳು ಯಜಮಾನನೊಡನೆ ಪಟ್ಟು ಹಿಡಿದು ವಾದಿಸುತ್ತಾಳೆ. ಎದುರಿಗೆ ಕುಳಿತವನು ಯಾರೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.